ಇರಿಡಿಯಂ ಪ್ಲಗ್, ಸಾಕೆಟ್, ಟಾರ್ಕ್ ರೆಂಚ್: ಮನೆಯಲ್ಲೇ ಕಾರಿನ ಪ್ಲಗ್ ಬದಲಿಸುವವರು ಯಾವುದಕ್ಕೆ ದುಡ್ಡು ಹಾಕಬೇಕು

ಎನ್‌ಜಿಕೆ ಇರಿಡಿಯಂ ಐಎಕ್ಸ್ ಒಳ್ಳೆಯ ಸ್ಪಾರ್ಕ್ ಪ್ಲಗ್ (ಎಂಜಿನ್ನಿನೊಳಗೆ ಇಂಧನ ಹೊತ್ತಿಸುವ ಕಿಡಿ ಕೊಡುವ ಭಾಗ). ಆದರೆ ಅದನ್ನು ಕೊಳ್ಳುವ ಬಹಳಷ್ಟು ಜನ ತಪ್ಪು ಕಾರಣಕ್ಕೆ ಕೊಳ್ಳುತ್ತಾರೆ. ಪಿಕಪ್ ಹೆಚ್ಚುತ್ತದೆ, ಮೈಲೇಜ್ ಏರುತ್ತದೆ ಎಂಬ ಆಸೆ ಅದರ ಹಿಂದೆ ಇರುತ್ತದೆ. ಚೆನ್ನಾಗಿರುವ ನಿಕ್ಕಲ್ ಪ್ಲಗ್ ತೆಗೆದು ಅದೇ ಹೀಟ್ ರೇಂಜಿನ (ಶಾಖ ದಾಟಿಸುವ ವೇಗದ ಅಳತೆ) ಇರಿಡಿಯಂ ಕೂರಿಸಿದರೆ ಸ್ಟಾಕ್ ಎಂಜಿನ್ನಿನಲ್ಲಿ, ಅಂದರೆ ಕಂಪನಿಯಿಂದ ಬಂದಂತೆಯೇ ಇರುವ ಎಂಜಿನ್ನಿನಲ್ಲಿ, ಓಡಿಸುವವರ ಅರಿವಿಗೆ ಬರುವಂಥ ವ್ಯತ್ಯಾಸ ಏನೂ ಇರುವುದಿಲ್ಲ. ಸವೆದುಹೋದ ಪ್ಲಗ್ ತೆಗೆದು ಇರಿಡಿಯಂ ಹಾಕಿದಾಗ ಗಾಡಿ ಹಗುರಾದಂತೆ ಅನಿಸುವುದು ನಿಜ, ಹೊಸ ನಿಕ್ಕಲ್ ಪ್ಲಗ್ ಹಾಕಿದ್ದರೂ ಹಾಗೇ ಅನಿಸುತ್ತಿತ್ತು. ಇರಿಡಿಯಂನ ನಿಜವಾದ ಲಾಭ ಆಯುಷ್ಯ. ಬಿಚ್ಚಲು ಕಷ್ಟವಾದ ಎಂಜಿನ್ನಿನಲ್ಲಿ ಅದು ಬಹಳ ದೊಡ್ಡ ಲಾಭವೇ.

ಈ ವಿಮರ್ಶೆ ಪ್ಲಗ್ ಒಂದರದ್ದೇ ಅಲ್ಲ. ಮನೆಯಲ್ಲಿ ಪ್ಲಗ್ ಬದಲಿಸುವ ಕೆಲಸ ಕೆಟ್ಟಿತೆಂದರೆ ಹತ್ತಕ್ಕೆ ಒಂಬತ್ತು ಸಲ ಪ್ಲಗ್ಗಿನ ದೋಷ ಇರುವುದಿಲ್ಲ. ಸರಿಯಿಲ್ಲದ ಸಾಕೆಟ್, ಬಿಸಿ ಎಂಜಿನ್, ಅಂದಾಜಿನ ಬಿಗಿತ, ಈ ಮೂರರಲ್ಲಿ ಒಂದು ಕಾರಣವಾಗಿರುತ್ತದೆ. ಹಾಗಾಗಿ ಪ್ಲಗ್ಗಿನ ಜತೆಗೆ ಅದನ್ನು ಕೂರಿಸುವ ಸಾಮಾನುಗಳನ್ನೂ ಇಲ್ಲಿ ತೂಗಿ ನೋಡಬೇಕು. ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಕಾಗುವುದಾದರೆ ನಿಕ್ಕಲ್ ಪ್ಲಗ್ ತೆಗೆದುಕೊಂಡು, ಉಳಿದದ್ದನ್ನು ಒಳ್ಳೆಯ ಟಾರ್ಕ್ ರೆಂಚಿಗೆ, ಅಂದರೆ ಎಷ್ಟು ಬಿಗಿಯಾಯಿತು ಎಂದು ಅಳೆದು ಹೇಳುವ ರೆಂಚಿಗೆ, ಹಾಕಿ. ಇದು ನನ್ನ ಖಚಿತ ಅಭಿಪ್ರಾಯ.

ಮೊದಲು ಪ್ಲಗ್. ಸಾಮಾನ್ಯ ನಿಕ್ಕಲ್ ಪ್ಲಗ್ಗಿನ ನಡುವಿನ ಎಲೆಕ್ಟ್ರೋಡ್ (ಕಿಡಿ ಹಾರುವ ಲೋಹದ ತುದಿ) ಸುಮಾರು 2.5 ಮಿ.ಮೀ. ದಪ್ಪ. ಇರಿಡಿಯಂ ಐಎಕ್ಸ್‌ನಲ್ಲಿ ಅದು 0.6 ಮಿ.ಮೀ., ಡೆನ್ಸೊ ಇರಿಡಿಯಂ ಪವರ್‌ನಲ್ಲಿ 0.4 ಮಿ.ಮೀ. ತುದಿ ಸಣ್ಣದಾದಷ್ಟೂ ಕಡಿಮೆ ವೋಲ್ಟೇಜಿನಲ್ಲಿ ಕಿಡಿ ಹಾರುತ್ತದೆ, ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ಮೇಲಿನ ಹೊರೆ ಇಳಿಯುತ್ತದೆ. ಇಷ್ಟು ಸಣ್ಣ ತುದಿಯನ್ನು ನಿಕ್ಕಲ್‌ನಿಂದ ಮಾಡಿದರೆ ಬೇಗ ಸವೆದುಹೋಗುತ್ತದೆ. ನಿಕ್ಕಲ್ ಕರಗುವುದು 1455 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪ್ಲಾಟಿನಂ 1768ರಲ್ಲಿ, ಇರಿಡಿಯಂ 2446ರಲ್ಲಿ. ಇಷ್ಟು ಸಣ್ಣ ತುದಿ ಕಿಡಿಯ ಹೊಡೆತಕ್ಕೆ ತಡೆದುಕೊಳ್ಳುವುದು ಇರಿಡಿಯಂ ಅಷ್ಟು ಗಟ್ಟಿಯಾಗಿ ಶಾಖ ತಾಳುವುದರಿಂದ.

ಐಎಕ್ಸ್ ಬಗ್ಗೆ ಒಂದು ಮಾತನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಅದರಲ್ಲಿ ಇರಿಡಿಯಂ ಇರುವುದು ನಡುವಿನ ತುದಿಯಲ್ಲಿ ಮಾತ್ರ, ಮೇಲೆ ಬಾಗಿದ ಗ್ರೌಂಡ್ ಎಲೆಕ್ಟ್ರೋಡ್ ನಿಕ್ಕಲ್‌ದೇ. ಆದ್ದರಿಂದ ಆ ಕಡೆಯಿಂದ ಸವೆತ ನಡೆದೇ ಇರುತ್ತದೆ. ಕಾರಿನ ಕೈಪಿಡಿಯಲ್ಲಿ 1,00,000 ಕಿ.ಮೀ. ಎಂದು ಬರೆದಿದ್ದರೆ, ಕಂಪನಿ ಹಾಕಿ ಕಳಿಸಿದ ಪ್ಲಗ್ ಎರಡೂ ಕಡೆ ಅಮೂಲ್ಯ ಲೋಹ ಇರುವಂಥದ್ದು, ಅಂದರೆ ನಡುವೆ ಇರಿಡಿಯಂ, ಗ್ರೌಂಡಿನಲ್ಲಿ ಪ್ಲಾಟಿನಂ. ಎನ್‌ಜಿಕೆಯಲ್ಲಿ ಲೇಸರ್ ಇರಿಡಿಯಂ ಎಂಬ ಹೆಸರಿನದು ಈ ಜಾತಿಯದು. ಅಂಥ ಕಾರಿಗೆ ಐಎಕ್ಸ್ ಹಾಕಿ ಲಕ್ಷ ಕಿಲೋಮೀಟರ್ ಮರೆತುಬಿಡುವುದು ತಪ್ಪು. ಅರ್ಧ ದಾರಿಯಲ್ಲಿ ಒಮ್ಮೆ ಬಿಚ್ಚಿ ಗ್ಯಾಪ್, ಅಂದರೆ ಎರಡು ಎಲೆಕ್ಟ್ರೋಡುಗಳ ನಡುವಿನ ಅಂತರ, ನೋಡಲೇಬೇಕು. ಒಂದೇ ಕಾಯಿಲ್ ಎರಡು ಸಿಲಿಂಡರಿಗೆ ಕಿಡಿ ಕೊಡುವ ಹಳೆಯ ವೇಸ್ಟ್ ಸ್ಪಾರ್ಕ್ ಎಂಜಿನ್ನುಗಳಲ್ಲಿ ಈ ಮಾತು ಇನ್ನೂ ಮುಖ್ಯ. ಅಲ್ಲಿ ಜೋಡಿಯ ಒಂದು ಪ್ಲಗ್ಗಿನಲ್ಲಿ ಕಿಡಿ ಉಲ್ಟಾ ದಿಕ್ಕಿನಲ್ಲಿ ಹಾರುತ್ತದೆ, ಸವೆತ ಗ್ರೌಂಡ್ ಕಡೆಗೇ ಬೀಳುತ್ತದೆ.

ನಿಕ್ಕಲ್ ಪ್ಲಗ್ಗನ್ನು ಕೀಳಾಗಿ ಕಾಣಬೇಡಿ. ಎಂಜಿನ್ ನಿಕ್ಕಲ್‌ಗೆಂದೇ ಮಾಡಿದ್ದು, ಪ್ಲಗ್ ಮೇಲ್ಗಡೆಯೇ ಕಾಣುತ್ತಿದೆ, ಅರ್ಧ ಗಂಟೆಯಲ್ಲಿ ನಾಲ್ಕೂ ಬಿಚ್ಚಬಹುದು ಎಂದಾದರೆ 30,000 ಕಿ.ಮೀ. ಆಸುಪಾಸಿನಲ್ಲಿ ಹೊಸ ನಿಕ್ಕಲ್ ಸೆಟ್ ಹಾಕುತ್ತಾ ಹೋಗುವುದೇ ಲೇಸು. ಒಂದೊಂದು ಸಲ ಬಿಚ್ಚಿದಾಗಲೂ ಸಿಲಿಂಡರಿನ ಒಳಗಿನ ಸ್ಥಿತಿ ಕಣ್ಣಿಗೆ ಬೀಳುತ್ತದೆ, ಅದಕ್ಕೂ ಬೆಲೆ ಇದೆ. ಡೆನ್ಸೊದ ಟಿಟಿ ಪ್ಲಗ್ ಈ ಎರಡರ ನಡುವೆ ನಿಲ್ಲುತ್ತದೆ. ಲೋಹ ನಿಕ್ಕಲ್‌ದೇ ಆದರೂ ನಡುವಿನ ತುದಿ 1.5 ಮಿ.ಮೀ.ಗೆ ಇಳಿದಿದೆ, ಗ್ರೌಂಡ್ ಕಡೆಯೂ ಸಣ್ಣ ಮೊನೆ ಇದೆ. ಹಳೆಯ ಕಾರಿಗೆ ಇದು ಹೊಂದುವ ಆಯ್ಕೆ. ಮೂರು ನಾಲ್ಕು ಗ್ರೌಂಡ್ ಎಲೆಕ್ಟ್ರೋಡ್ ಇರುವ ಪ್ಲಗ್ ನೋಡಿ ಮರುಳಾಗುವುದು ಬೇಡ. ಒಂದು ಸಲಕ್ಕೆ ಕಿಡಿ ಹಾರುವುದು ಒಂದಕ್ಕೇ. ಕೈಪಿಡಿ ಕೇಳಿದ್ದರೆ ಮಾತ್ರ ಅವನ್ನು ಹಾಕಿ.

ಪ್ಲಗ್ ನಂಬರ್ ಓದಲು ಬಂದರೆ ಅಂಗಡಿಯವರ ಮಾತಿನ ಮೇಲೆ ನಿಲ್ಲಬೇಕಾಗಿಲ್ಲ. ಎನ್‌ಜಿಕೆ ಬಿಕೆಆರ್6ಇ-11 ಎಂಬ ನಂಬರನ್ನು ಉದಾಹರಣೆಗೆ ನೋಡಿ. ‘ಬಿ’ ಎಂದರೆ 14 ಮಿ.ಮೀ. ಥ್ರೆಡ್, ‘ಕೆ’ ಇದ್ದರೆ 16 ಮಿ.ಮೀ. ಸಾಕೆಟ್ ಬೇಕು, ‘ಆರ್’ ಒಳಗೆ ರೆಸಿಸ್ಟರ್ ಇದೆ ಎಂಬುದಕ್ಕೆ, 6 ಹೀಟ್ ರೇಂಜ್, ‘ಇ’ ಎಂದರೆ ಥ್ರೆಡ್ಡಿನ ಉದ್ದ 19 ಮಿ.ಮೀ., ಕೊನೆಯ 11 ಅಂದರೆ ಗ್ಯಾಪ್ 1.1 ಮಿ.ಮೀ. ಇದರದೇ ಇರಿಡಿಯಂ ರೂಪ ಬಿಕೆಆರ್6ಇಐಎಕ್ಸ್-11. ಇದರಲ್ಲಿ ಯಾವ ಅಕ್ಷರ ತಪ್ಪಿದರೂ ತೊಂದರೆ, ಥ್ರೆಡ್ಡಿನ ಉದ್ದ ತಪ್ಪಿದರಂತೂ ಎಂಜಿನ್ನಿಗೇ ಕುತ್ತು. ಉದ್ದ ಹೆಚ್ಚಾದರೆ ಪಿಸ್ಟನ್ ಬಂದು ಬಡಿಯಬಹುದು. ಗಿಡ್ಡವಾದರೆ ಪ್ಲಗ್ ಕೂರುವ ಸಿಲಿಂಡರ್ ಹೆಡ್‌ನ ಖಾಲಿ ಥ್ರೆಡ್ಡಿನಲ್ಲಿ ಮಸಿ ಕಟ್ಟಿ, ಮುಂದೆ ಸರಿಯಾದ ಪ್ಲಗ್ ಹಾಕಲು ಹೋದಾಗ ಕಚ್ಚಿಕೊಳ್ಳುತ್ತದೆ.

ಹೀಟ್ ರೇಂಜಿನಲ್ಲಿ ಒಂದು ಗೊಂದಲ ಇದೆ. ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣಗೆ, ಅಂದರೆ ಶಾಖವನ್ನು ಬೇಗ ಹೆಡ್‌ಗೆ ದಾಟಿಸುವಂಥದ್ದು. ಬಾಷ್ ಮತ್ತು ಚಾಂಪಿಯನ್‌ನಲ್ಲಿ ಇದು ತಲೆಕೆಳಗು, ಅಂಕಿ ದೊಡ್ಡದಾದರೆ ಬಿಸಿ ಪ್ಲಗ್. ಎನ್‌ಜಿಕೆಯ 6ಕ್ಕೂ ಡೆನ್ಸೊದ 20ಕ್ಕೂ ಸಮ. ಬ್ರ್ಯಾಂಡ್ ಬದಲಿಸುವವರು ಅಂಕಿಗೆ ಅಂಕಿ ಹೊಂದಿಸದೆ, ಆಯಾ ಕಂಪನಿಯ ಪಟ್ಟಿಯಲ್ಲಿ ತಮ್ಮ ಎಂಜಿನ್ ಹುಡುಕಿ ನಂಬರ್ ತೆಗೆಯಬೇಕು. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿಗಿಂತ ಬಿಸಿಯಾದರೆ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ, 870 ದಾಟಿದರೆ ಕಿಡಿಗೆ ಮೊದಲೇ ಇಂಧನ ಹೊತ್ತಿಕೊಳ್ಳುವ ಅಪಾಯ. ಹೀಟ್ ರೇಂಜ್ ಎಂಬುದು ಈ ಎರಡು ಗೆರೆಗಳ ನಡುವೆ ಪ್ಲಗ್ಗನ್ನು ಹಿಡಿದಿಡುವ ಲೆಕ್ಕ. ‘ಒಂದು ನಂಬರ್ ತಣ್ಣಗಿನದು ಹಾಕಿ, ಸೇಫ್’ ಎಂಬ ಸಲಹೆಯನ್ನು ಸ್ಟಾಕ್ ಎಂಜಿನ್ನಿಗೆ ಒಪ್ಪಬೇಡಿ. ಹತ್ತಿರ ಹತ್ತಿರ ಓಡಾಡುವ ಕಾರಿನಲ್ಲಿ ಅದು ಬರೀ ಮಸಿ ಕಟ್ಟುತ್ತದೆ.

ನಕಲಿ ಪ್ಲಗ್ಗಿನ ಕಾಟ ಇರಿಡಿಯಂನಲ್ಲಿ ಹೆಚ್ಚು, ಏಕೆಂದರೆ ಲಾಭ ಅಲ್ಲೇ ಇದೆ. ಪ್ಯಾಕೆಟ್ ನೋಡಿ ಪತ್ತೆ ಹಚ್ಚುವುದು ಕಷ್ಟ, ಪ್ಲಗ್ಗನ್ನೇ ನೋಡಬೇಕು. ಅಸಲಿಯಲ್ಲಿ ವಾಷರ್ ಥ್ರೆಡ್ಡಿನ ಮೇಲೆ ಆಡುತ್ತದೆ, ಆದರೆ ಕಳಚಿ ಬೀಳುವುದಿಲ್ಲ. ನಕಲಿಯಲ್ಲಿ ತಿರುಗಿಸಿದರೆ ಸಲೀಸಾಗಿ ಕೈಗೆ ಬರುತ್ತದೆ. ಸೆರಾಮಿಕ್ ಮೇಲಿನ ಅಕ್ಷರ ಚೂಪಾಗಿರಬೇಕು. ಬೆಳಕಿಗೆ ಹಿಡಿದು ಅಡ್ಡದಿಂದ ನೋಡಿದರೆ ಗ್ರೌಂಡ್ ಎಲೆಕ್ಟ್ರೋಡ್ ತುದಿಯ ನಡುಮಧ್ಯಕ್ಕೆ ಬರಬೇಕು, ಒಂದು ಪಕ್ಕಕ್ಕೆ ವಾಲಿರಬಾರದು. ಕೊನೆಗೆ ಮಲ್ಟಿಮೀಟರ್. ಮೇಲಿನ ಟರ್ಮಿನಲ್‌ನಿಂದ ನಡುವಿನ ತುದಿಗೆ ಅಳೆದರೆ, ಹೆಸರಿನಲ್ಲಿ ‘ಆರ್’ ಇರುವ ಎನ್‌ಜಿಕೆ ಪ್ಲಗ್ ಸುಮಾರು 5 ಕಿಲೋ ಓಮ್ ತೋರಿಸಬೇಕು. ತುಸು ಆಚೀಚೆ ಇದ್ದರೆ ಚಿಂತೆ ಇಲ್ಲ. ಸೊನ್ನೆ ತೋರಿಸಿದರೆ ಒಳಗೆ ರೆಸಿಸ್ಟರೇ ಇಲ್ಲ, ಏನೂ ತೋರಿಸದಿದ್ದರೆ ಒಳಗೆ ಮುರಿದಿದೆ. ಮೀಟರಿನ ಸೂಜಿಯನ್ನು ಇರಿಡಿಯಂ ತುದಿಗೆ ಒತ್ತಬೇಡಿ, ತಾಗಿಸಿದರೆ ಸಾಕು.

ಗ್ಯಾಪ್ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ನಾಣ್ಯದಾಕಾರದ ಗೇಜ್ ಇರಿಡಿಯಂಗೆ ಶತ್ರು. ಅದರ ಓರೆ ಅಂಚನ್ನು ಗ್ಯಾಪಿನೊಳಗೆ ಜಾರಿಸಿ ಅಗಲಿಸುವಾಗ ಒತ್ತಡವೆಲ್ಲ ನಡುವಿನ ತುದಿಯ ಮೇಲೆ ಬೀಳುತ್ತದೆ. 0.6 ಮಿ.ಮೀ. ಇರಿಡಿಯಂ ಶಾಖಕ್ಕೆ ಗಟ್ಟಿ, ಆದರೆ ಪೆಡಸು. ಪಟ್ ಎಂದು ಮುರಿಯುತ್ತದೆ, ಇಲ್ಲವೇ ಒಳಗಿನ ಸೆರಾಮಿಕ್‌ನಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ತಂತಿಯ ಕುಣಿಕೆಗಳಿರುವ ಗೇಜ್ ತೆಗೆದುಕೊಳ್ಳಿ, ಅಳೆಯುವುದಕ್ಕೆ ಮಾತ್ರ ಬಳಸಿ. ತಿದ್ದಲೇಬೇಕಾದರೆ ಗ್ರೌಂಡ್ ಎಲೆಕ್ಟ್ರೋಡನ್ನು ಮಾತ್ರ ಹಿಡಿದು ಬಾಗಿಸುವ ಸಾಧನ ಬೇಕು, ತಿದ್ದುವುದೂ 0.2 ಮಿ.ಮೀ. ಮೀರಬಾರದು. ಅದಕ್ಕಿಂತ ಹೆಚ್ಚು ಬೇಕೆಂದರೆ ನೀವು ತಂದಿರುವುದೇ ಬೇರೆ ನಂಬರಿನ ಪ್ಲಗ್. ಟರ್ಬೊ ಎಂಜಿನ್ನುಗಳಲ್ಲಿ ಗ್ಯಾಪ್ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ. ಇರುತ್ತದೆ. ಸಿಲಿಂಡರಿನ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಅಲ್ಲಿಗೆ 1.1ರ ಪ್ಲಗ್ ಹಾಕಿದರೆ ಐಡಲ್‌ನಲ್ಲಿ ಚೆನ್ನಾಗಿದ್ದು, ಆಕ್ಸಿಲರೇಟರ್ ಒತ್ತಿದಾಗ ಮಿಸ್ ಹೊಡೆಯುತ್ತದೆ. ಕೆಳಗೆ ಬಿದ್ದ ಪ್ಲಗ್ ಹೊಸದಾದರೂ ಎಸೆಯಿರಿ.

ಸಾಕೆಟ್‌ನಲ್ಲಿ ಮ್ಯಾಗ್ನೆಟ್ ಇರುವುದನ್ನೇ ಕೊಳ್ಳಿ ಎಂಬುದು ನನ್ನ ತೀರ್ಮಾನ. ರಬ್ಬರ್ ಇರುವ ಸಾಕೆಟ್ ಹೊಸದರಲ್ಲಿ ಚೆನ್ನಾಗಿ ಹಿಡಿಯುತ್ತದೆ. ಹಿಡಿತ ಎಷ್ಟು ಗಟ್ಟಿಯೆಂದರೆ ಪ್ಲಗ್ ಕೂರಿಸಿದ ಮೇಲೆ ಸಾಕೆಟ್ ಬಿಡಿಸಿಕೊಳ್ಳಲು ಎಳೆದಾಡಬೇಕಾಗುತ್ತದೆ. ಕೊನೆಗೆ ಎಕ್ಸ್‌ಟೆನ್ಷನ್ (ಸಾಕೆಟ್ಟಿಗೆ ಸೇರಿಸುವ ಉದ್ದದ ಸಲಾಕೆ) ಮಾತ್ರ ಕೈಗೆ ಬಂದು ಸಾಕೆಟ್ ಪ್ಲಗ್ ಕೂರುವ ಆಳದ ಬಾವಿಯಲ್ಲೇ ಉಳಿಯುತ್ತದೆ. ಎಣ್ಣೆ ತಾಗಿ ಮೆತ್ತಗಾದ ರಬ್ಬರ್ ಒಂದು ದಿನ ಕಳಚಿ ಪ್ಲಗ್ಗಿಗೇ ಅಂಟಿಕೊಳ್ಳುತ್ತದೆ, ಅದರ ಮೇಲೆ ಕಾಯಿಲ್ ಕೂರುವುದಿಲ್ಲ. ಈಗಾಗಲೇ ರಬ್ಬರಿನದು ಇದ್ದರೆ ಸಾಕೆಟ್ ಮತ್ತು ಎಕ್ಸ್‌ಟೆನ್ಷನ್ ಸೇರುವಲ್ಲಿ ಎರಡು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿ.

ಅಳತೆಯಲ್ಲಿ ಇಂದಿನ ಹೆಚ್ಚಿನ ಕಾರುಗಳಿಗೆ 16 ಮಿ.ಮೀ., ಹಳೆಯವಕ್ಕೆ 21 ಮಿ.ಮೀ. ಬಿಎಂಡಬ್ಲ್ಯು, ಮಿನಿಯಂಥ ಕೆಲವು ಕಾರುಗಳಲ್ಲಿ 12 ಮಿ.ಮೀ. ಥ್ರೆಡ್ಡಿನ ಪ್ಲಗ್ಗಿಗೆ ಹನ್ನೆರಡು ಮೂಲೆಯ 14 ಮಿ.ಮೀ. ತೆಳು ಗೋಡೆಯ ಸಾಕೆಟ್ ಬೇಕು. ಸಾಮಾನ್ಯ 14ರ ಡೀಪ್ ಸಾಕೆಟ್‌ನ ಗೋಡೆ ದಪ್ಪವಾದ್ದರಿಂದ ಬಾವಿಯೊಳಗೆ ಇಳಿಯುವುದೇ ಇಲ್ಲ. ಎಕ್ಸ್‌ಟೆನ್ಷನ್ 3/8 ಇಂಚು ಡ್ರೈವ್‌ನದು, 250 ಮಿ.ಮೀ. ಉದ್ದದ್ದು ಒಂದಿದ್ದರೆ ಹೆಚ್ಚಿನ ನಾಲ್ಕು ಸಿಲಿಂಡರ್ ಎಂಜಿನ್ನುಗಳಿಗೆ ಸಾಕು. ಕತ್ತು ತಿರುಗುವ ಸಾಕೆಟ್ ಅನಿವಾರ್ಯವಿದ್ದಲ್ಲಿ ಮಾತ್ರ. ಅದು ಪಕ್ಕಕ್ಕೆ ವಾಲಿ ಸೆರಾಮಿಕ್ ಒಡೆಯುತ್ತದೆ.

ಇನ್ನು ಟಾರ್ಕ್ ರೆಂಚ್. ಚಕ್ರದ ನಟ್ಟಿಗೆಂದು ಕೊಂಡ 1/2 ಇಂಚಿನ, 200 ನ್ಯೂಟನ್ ಮೀಟರ್ ದಾಟುವ ರೆಂಚ್ ಇಲ್ಲಿ ಬೇಡ. ಹೊಂದಿಸಿದ ಬಿಗಿತ ಮುಟ್ಟಿದಾಗ ಕ್ಲಿಕ್ ಎನ್ನುವ ಮಾದರಿಯ ರೆಂಚುಗಳ ನಿಖರತೆಯನ್ನು ಅವುಗಳ ಗರಿಷ್ಠ ಅಳತೆಯ ಶೇ. 20ರಿಂದ ಮೇಲಕ್ಕೆ ಮಾತ್ರ ಪರೀಕ್ಷಿಸುತ್ತಾರೆ. ಐಎಸ್‌ಒ 6789 ಮಾನದಂಡದ ಪ್ರಕಾರ ಆ ವ್ಯಾಪ್ತಿಯಲ್ಲಿ ಶೇ. 4ರಷ್ಟು ಆಚೀಚೆ ಇರಬಹುದು. ದೊಡ್ಡ ರೆಂಚನ್ನು ಪ್ಲಗ್ಗಿಗೆ ಬೇಕಾದ 25 ನ್ಯೂಟನ್ ಮೀಟರಿಗೆ ಹೊಂದಿಸಿದರೆ ಕ್ಲಿಕ್ ಕೈಗೆ ಗೊತ್ತಾಗುವಷ್ಟರಲ್ಲಿ ಥ್ರೆಡ್ ಹೋಗಿರುತ್ತದೆ. 3/8 ಇಂಚಿನ, 10ರಿಂದ 60 ನ್ಯೂಟನ್ ಮೀಟರ್ ಆಸುಪಾಸಿನದು ಸರಿ. ಕೆಲಸ ಮುಗಿದ ಮೇಲೆ ಸ್ಪ್ರಿಂಗನ್ನು ಅತಿ ಕಡಿಮೆ ಗುರುತಿಗೆ ಇಳಿಸಿ ಇಡಿ. ಬಿಗಿಯಾಗಿಯೇ ಬಿಟ್ಟರೆ ಕ್ರಮೇಣ ಅಳತೆ ತಪ್ಪುತ್ತದೆ. ನೇರ ಎಕ್ಸ್‌ಟೆನ್ಷನ್ ಎಷ್ಟು ಉದ್ದವಿದ್ದರೂ ಟಾರ್ಕ್ ಬದಲಾಗುವುದಿಲ್ಲ, ಯೂನಿವರ್ಸಲ್ ಜಾಯಿಂಟ್ ಓರೆಯಾಗಿ ಸೇರಿಸಿದರೆ ಬದಲಾಗುತ್ತದೆ.

ಅಲ್ಯುಮಿನಿಯಂ ಹೆಡ್‌ನಲ್ಲಿ ವಾಷರ್ ಇರುವ 14 ಮಿ.ಮೀ. ಪ್ಲಗ್ಗಿಗೆ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ.ಗೆ 15ರಿಂದ 20, 10 ಮಿ.ಮೀ.ಗೆ 10ರಿಂದ 12. ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯದೇ ಅಂತಿಮ. ರೆಂಚ್ ಇಲ್ಲದವರು ಕೋನದ ಲೆಕ್ಕ ಬಳಸಬಹುದು. ಕೈಯಲ್ಲಿ ತಿರುಗಿಸಿ ವಾಷರ್ ಹೆಡ್‌ಗೆ ತಾಗಿದ ಮೇಲೆ, ಹೊಸ ಪ್ಲಗ್ಗಿಗೆ ಅರ್ಧದಿಂದ ಮೂರನೇ ಎರಡು ಸುತ್ತು. ಹಳೆಯ ಪ್ಲಗ್ಗನ್ನೇ ಮತ್ತೆ ಕೂರಿಸುವಾಗ ವಾಷರ್ ಆಗಲೇ ಚಪ್ಪಟೆಯಾಗಿರುವುದರಿಂದ ಹನ್ನೆರಡನೇ ಒಂದು ಸುತ್ತು. ವಾಷರ್ ಇಲ್ಲದ, ಬುಡ ಓರೆಯಾಗಿರುವ ಟೇಪರ್ ಸೀಟ್ ಪ್ಲಗ್ಗಿಗೆ ಹದಿನಾರನೇ ಒಂದು ಸುತ್ತು ಸಾಕು.

ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಪ್ಲಗ್ಗಿನ ಶಾಖ ಹೊರಗೆ ಹೋಗುವ ಮುಖ್ಯ ದಾರಿ ಈ ವಾಷರ್ ಮತ್ತು ಥ್ರೆಡ್. ಸಡಿಲವಾಗಿದ್ದರೆ ಶಾಖ ದಾಟದೆ ತುದಿ ಕಾದು ಕೆಂಪಾಗುತ್ತದೆ, ಗ್ಯಾಸ್ ಸೋರುತ್ತದೆ, ಕೊನೆಗೆ ಸೆರಾಮಿಕ್ ಒಡೆಯುತ್ತದೆ. ವಿಪರೀತ ಬಿಗಿ ಮಾಡಿದರೆ ಲೋಹದ ಕವಚ ಹಿಗ್ಗಿ ಒಳಗಿನ ಸೆರಾಮಿಕ್ ಹಿಡಿತ ತಪ್ಪುತ್ತದೆ, ಹೆಡ್‌ನ ಥ್ರೆಡ್ಡೂ ಎದ್ದುಬರಬಹುದು. ಥ್ರೆಡ್ ಕಚ್ಚಿಕೊಳ್ಳದಿರಲಿ ಎಂದು ಆಂಟಿ ಸೀಜ್ ಗ್ರೀಸ್ ಹಚ್ಚುವ ರೂಢಿಯನ್ನು ಬಿಡಬೇಕಾದದ್ದೂ ಇದಕ್ಕೇ. ಇಂದಿನ ಪ್ಲಗ್ಗುಗಳ ಥ್ರೆಡ್ಡಿಗೆ ತುಕ್ಕು ಹಿಡಿಯದ, ಕಚ್ಚಿಕೊಳ್ಳದ ಲೇಪನ ಕಂಪನಿಯಲ್ಲೇ ಆಗಿರುತ್ತದೆ. ಮೇಲೆ ಗ್ರೀಸ್ ಹಚ್ಚಿದರೆ ಘರ್ಷಣೆ ಇಳಿದು, ರೆಂಚ್ 28 ತೋರಿಸುವಾಗ ಥ್ರೆಡ್ಡಿನ ಮೇಲೆ ಬೀಳುವ ಎಳೆತ ಅದಕ್ಕಿಂತ ಎಷ್ಟೋ ಹೆಚ್ಚಾಗಿರುತ್ತದೆ. ಎನ್‌ಜಿಕೆ ಕಂಪನಿಯೇ ಇದನ್ನು ಹಚ್ಚಬೇಡಿ ಎನ್ನುತ್ತದೆ. ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸ್ ಬೇರೆ ವಸ್ತು, ಅದು ಒಳ್ಳೆಯದು. ಕಾಯಿಲ್‌ನ ರಬ್ಬರ್ ಬೂಟಿನ ಒಳ ಅಂಚಿಗೆ ತೆಳ್ಳಗೆ ಸವರಿದರೆ ಮುಂದಿನ ಸಲ ಬೂಟ್ ಹರಿಯದೆ ಬರುತ್ತದೆ. ಅದು ವಿದ್ಯುತ್ ಹರಿಯಗೊಡದ ಗ್ರೀಸ್, ಲೋಹದ ಟರ್ಮಿನಲ್‌ಗೆ ಮೆತ್ತಬೇಡಿ.

ಕೆಲಸದ ಕ್ರಮ ಸರಳ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮಾಡುವುದೇ ಉತ್ತಮ. ಬಿಸಿ ಅಲ್ಯುಮಿನಿಯಂ ಮೆತ್ತಗಿರುತ್ತದೆ, ಪ್ಲಗ್ ಬಿಚ್ಚುವಾಗ ಥ್ರೆಡ್ಡನ್ನೂ ಕಿತ್ತುಕೊಂಡು ಬರುತ್ತದೆ. ಕಾಯಿಲ್‌ಗಳಿಗೆ 1, 2, 3, 4 ಎಂದು ಗುರುತು ಹಾಕಿ. ಹಳೆಯ ಕಾರಿನಲ್ಲಿ ಕಾಯಿಲ್ ವೈರಿನ ಕನೆಕ್ಟರ್ ಲಾಕ್ ಬಿಸಿಗೆ ಬೆಂದು ಹಪ್ಪಳದಂತಾಗಿರುತ್ತದೆ. ಲಾಕ್ ಒತ್ತಿ, ಮೊದಲು ಕನೆಕ್ಟರನ್ನು ತುಸು ಒಳಕ್ಕೆ ದೂಡಿ, ಆಮೇಲೆ ಎಳೆಯಿರಿ. ವೈರ್ ಹಿಡಿದು ಎಳೆಯಬೇಡಿ. ಕಾಯಿಲ್‌ನ ಬೋಲ್ಟ್ ಸಾಮಾನ್ಯವಾಗಿ 10 ಮಿ.ಮೀ. ಸಾಕೆಟ್‌ನದು. ಅದನ್ನು ತೆಗೆದು ಕಾಯಿಲ್ ಅನ್ನು ಎಡಕ್ಕೆ ಬಲಕ್ಕೆ ತಿರುಚಿ ನೇರ ಮೇಲಕ್ಕೆ ಎತ್ತಿ.

ಈಗ ಬಾವಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಮಣ್ಣು, ಮರಳು ಇದ್ದರೆ ಗಾಳಿ ಹೊಡೆದು ತೆಗೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ಇದನ್ನು ಬಿಟ್ಟರೆ ಪ್ಲಗ್ ಎತ್ತಿದ ಕೂಡಲೇ ಅದೆಲ್ಲ ಸಿಲಿಂಡರಿಗೆ ಉದುರುತ್ತದೆ. ಎಣ್ಣೆ ನಿಂತಿದ್ದರೆ ವಾಲ್ವ್ ಕವರ್ ಗ್ಯಾಸ್ಕೆಟ್ ಅಥವಾ ಟ್ಯೂಬ್ ಸೀಲ್ ಹೋಗಿದೆ. ಮೊದಲು ಎಣ್ಣೆ ಹೀರಿ ತೆಗೆಯಿರಿ, ಸೀಲ್ ಬದಲಿಸದೆ ಹೊಸ ಪ್ಲಗ್ ಹಾಕಿ ಪ್ರಯೋಜನವಿಲ್ಲ.

ಪ್ಲಗ್ಗನ್ನು ಕಾಲು ಸುತ್ತು ಸಡಿಲಿಸಿ ನಿಲ್ಲಿಸಿ. ಸಲೀಸಾಗಿ ಬಂದರೆ ಮುಂದುವರಿಯಿರಿ. ಕಿರುಗುಟ್ಟುತ್ತಾ ಬಿಗಿಯಾದರೆ ಪೆನಿಟ್ರೇಟಿಂಗ್ ಆಯಿಲ್ ಕೆಲವು ಹನಿ ಬಿಟ್ಟು ಕಾಯಿರಿ, ಆಮೇಲೆ ಸ್ವಲ್ಪ ಬಿಚ್ಚಿ ಸ್ವಲ್ಪ ಬಿಗಿ ಮಾಡಿ, ಹಿಂದೆ ಮುಂದೆ ಆಡಿಸುತ್ತಾ ಹೊರತನ್ನಿ. ಅವಸರ ಮಾಡುವ ಜಾಗ ಇದಲ್ಲ.

ಹೊಸ ಪ್ಲಗ್ ಕೂರಿಸಲು ಸಾಕೆಟ್ ತಿರುಗಿಸುವ ಹಿಡಿಯಾದ ರ‍್ಯಾಚೆಟ್ ಮುಟ್ಟಬೇಡಿ. ಸಾಕೆಟ್, ಎಕ್ಸ್‌ಟೆನ್ಷನ್ ಮಾತ್ರ ಬೆರಳಲ್ಲಿ ಹಿಡಿದು ಮೆಲ್ಲನೆ ಇಳಿಸಿ, ಮೊದಲು ಎಡಕ್ಕೆ ತಿರುಗಿಸಿ. ಥ್ರೆಡ್ಡಿನ ಬಾಯಿ ಸಿಕ್ಕಾಗ ‘ಟಕ್’ ಎಂದು ಒಂದಿಷ್ಟು ಕೆಳಗಿಳಿದದ್ದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಬಲಕ್ಕೆ. ವಾಷರ್ ತಾಗುವವರೆಗೂ ಬೆರಳಿನ ಬಲದಲ್ಲೇ ಹೋಗಬೇಕು. ಎರಡೇ ಸುತ್ತಿಗೆ ಗಟ್ಟಿಯಾದರೆ ಥ್ರೆಡ್ ಅಡ್ಡ ಕಚ್ಚಿದೆ, ತೆಗೆದು ಮತ್ತೆ ಹಿಡಿಯಿರಿ. ಆಮೇಲೆ ಟಾರ್ಕ್ ರೆಂಚ್, ಒಂದು ಕ್ಲಿಕ್, ಮುಗಿಯಿತು. ಎರಡನೇ ಕ್ಲಿಕ್ ಹೊಡೆಸಬೇಡಿ.

ಹಳೆಯ ಪ್ಲಗ್ಗುಗಳನ್ನು ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಟ್ಟಿದ್ದರೆ ಈಗ ಓದಬಹುದು. ತಿಳಿ ಕಂದು ಅಥವಾ ಬೂದು ಬಣ್ಣ ಆರೋಗ್ಯದ ಲಕ್ಷಣ. ಒಣ ಕಪ್ಪು ಮಸಿ ಇದ್ದರೆ ಇಂಧನ ಹೆಚ್ಚು ಹೋಗುತ್ತಿದೆ, ಇಲ್ಲವೇ ಎಂಜಿನ್ ಬಿಸಿಯಾಗುವ ಮೊದಲೇ ನಿಲ್ಲಿಸುವ ಓಡಾಟ. ಕಪ್ಪಾಗಿ ಎಣ್ಣೆಯ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ನೋಡಿಸಿ. ಸೆರಾಮಿಕ್ ಸುಣ್ಣದಂತೆ ಬಿಳುಚಿ ಗುಳ್ಳೆ ಎದ್ದಿದ್ದರೆ ವಿಪರೀತ ಶಾಖ: ಬಿಸಿ ಪ್ಲಗ್, ಇಂಧನದ ಕೊರತೆ, ಇಲ್ಲವೇ ಸಡಿಲ ಪ್ಲಗ್. ನಾಲ್ಕೂ ಒಂದೇ ಬಣ್ಣವಿದ್ದರೆ ಕಾರಣ ಇಡೀ ಎಂಜಿನ್ನಿನದು, ಒಂದೇ ಬೇರೆಯಾಗಿದ್ದರೆ ಆ ಸಿಲಿಂಡರಿನದು. ಕವಚದ ಮೇಲ್ಗಡೆ ಬಿಳಿ ಸೆರಾಮಿಕ್ ಸುತ್ತ ಕಾಣುವ ಕಂದು ಕಲೆ ನೋಡಿ ಗ್ಯಾಸ್ ಸೋರುತ್ತಿದೆ ಎಂದು ಗಾಬರಿಯಾಗುವವರಿದ್ದಾರೆ. ಹೈ ವೋಲ್ಟೇಜಿಗೆ ಸೆಳೆತಗೊಂಡ ಎಣ್ಣೆಯ ಕಣಗಳು ಅಲ್ಲಿ ಅಂಟಿರುತ್ತವೆ ಅಷ್ಟೇ, ಅದರಿಂದ ತೊಂದರೆ ಇಲ್ಲ. ಸೆರಾಮಿಕ್ ಉದ್ದಕ್ಕೂ ಪೆನ್ಸಿಲಿನಲ್ಲಿ ಎಳೆದಂತೆ ಕಪ್ಪು ಗೆರೆ ಇದ್ದರೆ ಮಾತ್ರ ಕಿಡಿ ಹೊರಗಿನಿಂದ ಹಾರುತ್ತಿದೆ ಎಂದರ್ಥ. ಆಗ ಪ್ಲಗ್ ಜತೆ ಬೂಟ್ ಕೂಡ ಬದಲಿಸಿ, ಇಲ್ಲವಾದರೆ ಹೊಸ ಪ್ಲಗ್ಗಿನ ಮೇಲೂ ಅದೇ ಗೆರೆ ಮೂಡುತ್ತದೆ.

ಎಲ್ಲ ಕಾರಿಗೂ ಈ ಕೆಲಸ ಮನೆಯದಲ್ಲ. ಅಡ್ಡ ಕೂರಿಸಿದ ಎಷ್ಟೋ ವಿ6 ಎಂಜಿನ್ನುಗಳಲ್ಲಿ ಹಿಂದಿನ ಮೂರು ಪ್ಲಗ್ಗಿಗೆ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಬೇಕು, ಅದರ ಗ್ಯಾಸ್ಕೆಟ್ ಹೊಸದು ಬೇಕು. ಸುಬಾರುವಿನಂಥ ಬಾಕ್ಸರ್ ಎಂಜಿನ್ನಿನಲ್ಲಿ ಪ್ಲಗ್ ಎರಡು ಪಕ್ಕಕ್ಕೆ ಇರುವುದರಿಂದ ರ‍್ಯಾಚೆಟ್ ಆಡಿಸಲು ಜಾಗ ಇರುವುದಿಲ್ಲ. ಎರಡೂ ಕಡೆ ಅಮೂಲ್ಯ ಲೋಹದ ದುಬಾರಿ ಪ್ಲಗ್ ಕಣ್ಣುಮುಚ್ಚಿ ಕೊಳ್ಳಬಹುದಾದದ್ದು ಇಂಥ ಕಾರಿಗೇ.

ಕೆಲಸ ಮುಗಿಸಿ ಸ್ಟಾರ್ಟ್ ಮಾಡಿದಾಗ ಎಂಜಿನ್ ನಡುಗಿದರೆ ಪ್ಲಗ್ಗನ್ನು ಬೈಯುವ ಮೊದಲು ಕನೆಕ್ಟರುಗಳನ್ನು ಒಂದೊಂದಾಗಿ ಒತ್ತಿ ನೋಡಿ. ಪೂರ್ತಿ ಕೂರದ ಕನೆಕ್ಟರೇ ಹೆಚ್ಚಾಗಿ ಕಾರಣ. ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರಿನಲ್ಲಿ ಪಿ0301 ಬಂದರೆ ಒಂದನೇ ಸಿಲಿಂಡರ್, ಪಿ0302 ಎರಡನೆಯದು, ಹೀಗೆ ಕೊನೆಯ ಅಂಕಿ ಸಿಲಿಂಡರ್ ಸಂಖ್ಯೆ. ಆ ಸಿಲಿಂಡರಿನ ಕಾಯಿಲ್ ಅನ್ನು ಪಕ್ಕದ್ದಕ್ಕೆ ಹಾಕಿ, ಕೋಡ್ ಅಳಿಸಿ ಮತ್ತೆ ಓಡಿಸಿ. ಕೋಡ್ ಕಾಯಿಲ್ ಜತೆ ಹೋದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಆ ಪ್ಲಗ್ ಒಂದನ್ನೇ ಬಿಚ್ಚಿ, ಸೆರಾಮಿಕ್‌ನಲ್ಲಿ ಬಿರುಕು ಇದೆಯೇ ಎಂದು ನೋಡಿ, ರೆಸಿಸ್ಟರ್ ಮತ್ತೆ ಅಳೆಯಿರಿ.